ಇಬ್ಬರ ಪ್ರೀತಿಗೆ ಮೂರನೆಯವರೇ ಗತಿ

ಒಂದಷ್ಟು ಕಾಲ ಸಿನಿಮಾ ಸೆಟ್‌ನಲ್ಲಿ ಅಸಿಸ್ಟೆಂಟ್ ಆಗಿ ಓಡಾಡಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಹೀರೋ, ಹೀರೋಯಿನ್ ನಡುವೆ ನಿಜವಾಗಲೂ ಏನಾದರೂ ಇತ್ತಾ?" ಮದುವೆ ಮನೆಯ ಊಟದ ಸಾಲಲ್ಲೂ ಕೇಳುತ್ತಾರೆ, ಆಫೀಸಿನ ಲಿಫ್ಟ್‌ನಲ್ಲೂ ಕೇಳುತ್ತಾರೆ. ಏನೂ ಇರಲಿಲ್ಲ ಅಂದರೆ ನಂಬಲ್ಲ. "ಕೆಮಿಸ್ಟ್ರಿ ಅಷ್ಟು ಚೆನ್ನಾಗಿತ್ತಲ್ಲ?" ಅಂತಾರೆ.

ಹೌದು, ಕೆಮಿಸ್ಟ್ರಿ ಚೆನ್ನಾಗಿತ್ತು. ಆದರೆ ಆ ಕೆಮಿಸ್ಟ್ರಿಯ ಅರ್ಧ ಭಾಗದಲ್ಲಿ ಅವರಿಬ್ಬರೂ ಒಂದೇ ಜಾಗದಲ್ಲಿ ಇರಲೇ ಇಲ್ಲ.

ನಮ್ಮ ಸಿನಿಮಾದ ಹೆಸರು ಹೇಳುವುದಿಲ್ಲ, ಹೇಳಿದರೂ ನೀವು ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಒಂದು ಸಣ್ಣ ಬಜೆಟ್ಟಿನ ಲವ್ ಸ್ಟೋರಿ, ನಗಿಸಬೇಕು ಅನ್ನೋದು ಆಸೆ. ಒಂದು ಸೀನ್ ಹೇಗೆ ತೆಗೆಯುತ್ತಾರೆ ಅಂದರೆ, ಮೊದಲು ಇಬ್ಬರೂ ಕಾಣುವ ಹಾಗೆ ಮಾಸ್ಟರ್ ಶಾಟ್. ಆಮೇಲೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ ಕಾಣುವ ಹಾಗೆ ಸಜೆಷನ್ ಶಾಟ್. ಕೊನೆಗೆ ಒಬ್ಬೊಬ್ಬರ ಕ್ಲೋಸಪ್. ಈ ಕ್ಲೋಸಪ್ ಹೊತ್ತಿಗೆ ಎದುರಿನವರ ಕಾಲ್‌ಶೀಟ್ ಮುಗಿದಿರುತ್ತದೆ, ಇಲ್ಲವಾ ಮೇಕಪ್ ತೆಗೆದು ಕ್ಯಾರವಾನ್‌ನಲ್ಲಿ ಮಲಗಿರುತ್ತಾರೆ. ಆಗ ಅಸಿಸ್ಟೆಂಟ್ ಒಬ್ಬ ಕ್ಯಾಮೆರಾ ಪಕ್ಕ ನಿಂತು ಲುಕ್ ಕೊಡಬೇಕು. ಅಂದರೆ ಲೆನ್ಸ್ ಹತ್ತಿರ ಮುಷ್ಟಿ ಹಿಡಿದು ನಿಲ್ಲುವುದು. ನಟಿ ಆ ಮುಷ್ಟಿಯನ್ನೇ ನೋಡಿಕೊಂಡು "ನೀನು ಇಲ್ಲದೆ ನನಗೆ ಆಗಲ್ಲ" ಅನ್ನಬೇಕು. ಮುಷ್ಟಿ ಎರಡು ಇಂಚು ಆಚೆ ಹೋದರೆ ಎಡಿಟಿಂಗ್‌ನಲ್ಲಿ ಆಕೆ ಹೀರೋನ ಕಿವಿಯನ್ನು ಪ್ರೀತಿಸಿದ ಹಾಗೆ ಕಾಣುತ್ತದೆ.

ನಮ್ಮ ಸಿನಿಮಾದಲ್ಲಿ ಹೀರೋಯಿನ್ ಕಣ್ಣು ತುಂಬಿಕೊಂಡು ಪ್ರೀತಿ ಹೇಳಿಕೊಂಡದ್ದು ನನ್ನ ಮುಷ್ಟಿಗೆ. ಹೀರೋ ಅಷ್ಟು ಹೊತ್ತಿಗೆ ಹೊಸಕೆರೆಹಳ್ಳಿ ಕಡೆ ಯಾವುದೋ ಜಾಹೀರಾತಿನ ಶೂಟಿಂಗ್‌ನಲ್ಲಿದ್ದ. ಎದುರಿಗೆ ಹೀರೋನ ಡೈಲಾಗನ್ನೂ ನಾನೇ ಓದಬೇಕಿತ್ತು, ರೇಷನ್ ಕಾರ್ಡಿನ ಅರ್ಜಿ ಓದುವ ದನಿಯಲ್ಲಿ. ಆಕೆ ಎಲ್ಲಿಯೂ ನಗಲಿಲ್ಲ. ನಟನೆ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಅವತ್ತು.

ಅವತ್ತಿಂದ ರೊಮ್ಯಾಂಟಿಕ್ ಕಾಮಿಡಿ ನೋಡುವಾಗೆಲ್ಲ ನನ್ನ ಕಣ್ಣು ಜೋಡಿ ಮೇಲೆ ನಿಲ್ಲುವುದಿಲ್ಲ. ಇಲ್ಲಿ ಮೂರನೆಯವರು ಯಾರು ಅಂತ ಹುಡುಕುತ್ತದೆ. ಸಿಗದ ಸಿನಿಮಾನೇ ಇಲ್ಲ. ಮೇಕಿಂಗ್ ಬಗ್ಗೆ ಓದುವ ಹುಚ್ಚೂ ಹಾಗೇ ಹತ್ತಿಕೊಂಡಿತು.

ಎಲ್ಲರಿಗೂ ಗೊತ್ತಿರುವುದರಿಂದಲೇ ಶುರು ಮಾಡೋಣ. 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ'. ನ್ಯೂಯಾರ್ಕಿನ ಕ್ಯಾಟ್ಜ್ ಡೆಲಿ ಅನ್ನೋ ಹೋಟೆಲಲ್ಲಿ ಕೂತು ನಾಯಕಿ ಮೆಗ್ ರಯನ್ ಎಲ್ಲರೆದುರು ಹಾಸಿಗೆ ಸುಖದ ನಾಟಕ ಆಡುವ ದೃಶ್ಯ. ಸ್ಕ್ರಿಪ್ಟ್ ಬರೆದವರು ನೋರಾ ಎಫ್ರಾನ್. ಆದರೆ ಬರೀ ಮಾತು ಬೇಡ, ಹೋಟೆಲಲ್ಲೇ ಮಾಡಿ ತೋರಿಸಿಬಿಡೋಣ ಅಂದದ್ದು ಮೆಗ್ ರಯನ್. ಹಾಗಾದರೆ ಕೊನೆಗೆ ಪಕ್ಕದ ಟೇಬಲ್ಲಿನ ಹೆಂಗಸು ವೇಟರ್‌ಗೆ "ಆಕೆ ತಿಂತಿರೋದನ್ನೇ ನನಗೂ ಕೊಡಿ" ಅನ್ನಲಿ ಅಂತ ಸೇರಿಸಿದ್ದು ಹೀರೋ ಬಿಲ್ಲಿ ಕ್ರಿಸ್ಟಲ್. ಇಡೀ ಸಿನಿಮಾದಲ್ಲಿ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಆ ಮಾತನ್ನೇ. ಅದನ್ನು ಹೇಳಿದ್ದು ಜೋಡಿಯಲ್ಲಿ ಯಾರೂ ಅಲ್ಲ. ಹೇಳಿದಾಕೆ ಎಸ್ಟೆಲ್ ರೈನರ್, ನಿರ್ದೇಶಕ ರಾಬ್ ರೈನರ್ ಅವರ ಸ್ವಂತ ತಾಯಿ!

ಇದನ್ನ ಒಮ್ಮೆ ಯೋಚಿಸಿ ನೋಡಿ. ನಮ್ಮಲ್ಲಿ ಒಬ್ಬ ಡೈರೆಕ್ಟರ್ ತನ್ನ ಅಮ್ಮನನ್ನು ಕರೆದುಕೊಂಡು ಬಂದು ಇಂಥ ಸೀನಿನ ಪಕ್ಕದ ಟೇಬಲ್ಲಿಗೆ ಕೂರಿಸುವುದು. ಅಮ್ಮ ಸೆಟ್ಟಿಗೆ ಬಂದರೆ ಅವತ್ತು ಮುತ್ತಿನ ಸೀನನ್ನೇ ಮುಂದಕ್ಕೆ ಹಾಕುವವರನ್ನು ನಾನು ನೋಡಿದ್ದೇನೆ.

ಆ ಸಿನಿಮಾದ ಕೊನೆಯ ಕತೆ ಇದಕ್ಕಿಂತ ಚೆಂದ. ಮೊದಲು ಬರೆದದ್ದರಲ್ಲಿ ಹ್ಯಾರಿ ಮತ್ತು ಸ್ಯಾಲಿ ಒಂದಾಗುತ್ತಿರಲಿಲ್ಲ. ಎಷ್ಟೋ ವರ್ಷ ಆದಮೇಲೆ ಸಿಕ್ಕಿ, ಮಾತಾಡಿ, ಅವರವರ ದಾರಿ ಹಿಡಿಯುತ್ತಿದ್ದರು. ರೈನರ್ ಆಗ ಡೈವೋರ್ಸ್ ಆಗಿ ಎಷ್ಟೋ ವರ್ಷದಿಂದ ಒಂಟಿ, ಜೋಡಿಗಳು ನಿಲ್ಲುತ್ತವೆ ಅನ್ನೋ ನಂಬಿಕೆಯೇ ಅವರಿಗೆ ಇರಲಿಲ್ಲ. ಶೂಟಿಂಗ್ ನಡೀತಿರುವಾಗಲೇ ಅವರಿಗೆ ಮಿಶೆಲ್ ಸಿಂಗರ್ ಅನ್ನೋರು ಪರಿಚಯವಾದರು. ಕ್ಲೈಮ್ಯಾಕ್ಸ್ ಬದಲಾಯಿತು. ಪರದೆ ಮೇಲಿನ ಇಬ್ಬರನ್ನು ಒಂದು ಮಾಡಿದ್ದು ಕ್ಯಾಮೆರಾ ಹಿಂದೆ ಹುಟ್ಟಿದ ಬೇರೆ ಪ್ರೀತಿ. ನಡುನಡುವೆ ಸೋಫಾ ಮೇಲೆ ಕೂತು ತಮ್ಮ ಮದುವೆಯ ಕತೆ ಹೇಳುವ ಮುದುಕ ಮುದುಕಿಯರು ಬರುತ್ತಾರಲ್ಲ, ಆ ಕತೆಗಳು ನಿಜವಾದ ಜನರಿಂದ ಕೇಳಿ ತಂದವು, ಹೇಳುವವರು ಮಾತ್ರ ನಟರು.

ಅದೇ ಸಿನಿಮಾದಲ್ಲಿ ಫೋನಿನ ಸೀನ್ ಒಂದಿದೆ. ನಾಲ್ಕು ಜನ, ಮೂರು ಜಾಗ, ಒಂದೇ ಪರದೆ. ಅದನ್ನು ಅಕ್ಕಪಕ್ಕ ಸೆಟ್ ಹಾಕಿ ನಾಲ್ವರನ್ನೂ ಒಟ್ಟಿಗೆ ಮಾತಾಡಿಸಿಯೇ ತೆಗೆದರು. ಒಬ್ಬರು ತಡವರಿಸಿದರೆ ಎಲ್ಲವೂ ಮೊದಲಿಂದ. ಹಾಗೆ ಮಾಡುವಷ್ಟು ತಾಳ್ಮೆ, ದುಡ್ಡು ಎರಡೂ ನಮ್ಮ ಹತ್ತಿರ ಇರುವುದಿಲ್ಲ. ನಮ್ಮಲ್ಲಿ ಫೋನಿನ ಆಚೆ ತುದಿ ಅಂದರೆ ಮತ್ತೆ ಅದೇ ಅಸಿಸ್ಟೆಂಟ್. "ಊಟ ಆಯ್ತಾ ಚಿನ್ನಾ" ಅಂತ ನಾನು ಎಷ್ಟು ಗಂಡಸರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ದನಿ. ನನ್ನ ಕೇಳಿದರೆ ಇಡೀ ಕಸುಬಿನಲ್ಲಿ ಅತಿ ದೊಡ್ಡ ಮೂರನೆಯವರು ಇಲ್ಲೇ ಇದ್ದಾರೆ. ಕನ್ನಡದಲ್ಲಿ ಹೆಚ್ಚಿನ ಸಿನಿಮಾಗಳಿಗೆ ಸೆಟ್ಟಿನ ಶಬ್ದ ಉಳಿಯುವುದಿಲ್ಲ. ಶೂಟಿಂಗ್ ವೇಳೆ ತೆಗೆದ ಪೈಲಟ್ ಟ್ರ್ಯಾಕ್ ಇಟ್ಟುಕೊಂಡು ಆಮೇಲೆ ಪೂರ್ತಿ ಡಬ್ಬಿಂಗ್. ಬೆಂಗಳೂರಿನ ರಸ್ತೆಯಲ್ಲಿ ಸಿಂಕ್ ಸೌಂಡ್, ಅಂದರೆ ಸೆಟ್ಟಿನ ಶಬ್ದವನ್ನೇ ಉಳಿಸಿಕೊಳ್ಳುವುದು, ಮಾಡುತ್ತೇನೆ ಅಂತ ಹೊರಟವರ ಪಾಡು ನೋಡಬೇಕು. ಆಕ್ಷನ್ ಅಂದ ತಕ್ಷಣ ತರಕಾರಿ ಗಾಡಿಯ ಮೈಕು, ಕಸದ ಆಟೋದ ಹಾಡು, ಮೇಲೊಂದು ವಿಮಾನ. ಜೊತೆಗೆ ಹೀರೋಯಿನ್ ಮುಂಬೈಯಿಂದಲೋ ಕೇರಳದಿಂದಲೋ ಬಂದಿರುತ್ತಾಳೆ. ಪಾಪ, ಪ್ರಾಂಪ್ಟಿಂಗ್ ಕೇಳಿಸಿಕೊಂಡು ಹೇಳುತ್ತಾಳೆ. ಅವಳು ಅತ್ತರೆ ನಾವು ಅಳುವುದು ಇನ್ಯಾರದ್ದೋ ಗಂಟಲಿಗೆ.

ನಮ್ಮ ಹೀರೋಯಿನ್‌ಗೆ ದನಿ ಕೊಟ್ಟವರು ಒಬ್ಬ ಗೃಹಿಣಿ. ಮಗನನ್ನು ಸ್ಕೂಲಿಗೆ ಬಿಟ್ಟು, ಟಿಫನ್ ಡಬ್ಬಿ ಹಿಡಿದುಕೊಂಡು ಡಬ್ಬಿಂಗ್ ಥಿಯೇಟರ್‌ಗೆ ಬರುತ್ತಿದ್ದರು. ಕತ್ತಲೆ ರೂಮು, ತಲೆಗೆ ಹೆಡ್‌ಫೋನು, ಎದುರಿಗೆ ಪರದೆ. ಬಿಟ್ ಬಿಟ್ಟಾಗಿ ದೃಶ್ಯ ಓಡಿಸುತ್ತಾರೆ, ಅವರು ಅದರ ತುಟಿಗೆ ಮಾತು ಕೂರಿಸಬೇಕು. ಪ, ಬ, ಮ ಬಂದರೆ ತುಟಿ ಮುಚ್ಚಲೇಬೇಕಲ್ವಾ? ಅದೇ ಎಲ್ಲರ ತಲೆನೋವು. ಒಂದು ಕಡೆ ಹೀರೋಯಿನ್ ಸೆಟ್ಟಿನಲ್ಲಿ "ಬೇಡ" ಅಂದಿದ್ದಳು. ಎಡಿಟ್ ಆದಮೇಲೆ ಡೈರೆಕ್ಟರ್‌ಗೆ ಅಲ್ಲಿ "ಸಾಕು" ಬೇಕು ಅನ್ನಿಸಿತು. ತುಟಿ ಮುಚ್ಚಿದೆ, "ಸಾಕು" ಕೂರುವುದಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಆ ಅಕ್ಕನೇ "ಬಿಡು ಅಂದ್ರೆ ಆಗಲ್ವಾ ಸಾರ್?" ಅಂದರು. ಅಂದು, ಮೈಕ್ ಮುಂದೆ ಎಷ್ಟು ಸುಸ್ತಾದ ದನಿಯಲ್ಲಿ "ಬಿಡು" ಅಂದರು ಅಂದರೆ, ಇಡೀ ಸೀನಿನ ತೂಕವೇ ಬದಲಾಯಿತು. ವಿಮರ್ಶೆಯಲ್ಲಿ ಹೀರೋಯಿನ್ ಆ ಜಾಗದಲ್ಲಿ ತುಂಬ ಪಕ್ವವಾಗಿ ನಟಿಸಿದ್ದಾಳೆ ಅಂತ ಬಂತು. ಅಕ್ಕನಿಗೆ ಪೇಪರ್ ಕಟಿಂಗ್ ವಾಟ್ಸಾಪ್ ಮಾಡಿದೆ. ಹೆಬ್ಬೆರಳು ಎತ್ತಿದ ಚಿತ್ರ ಒಂದು ಬಂತು, ಅಷ್ಟೇ. ಮುತ್ತಿನ ಶಬ್ದ ಹೇಗೆ ಮಾಡುತ್ತಾರೆ ಅಂತ ಕೇಳಬೇಡಿ. ಅವರವರ ಮುಂಗೈಗೆ ಅವರವರೇ ಕೊಟ್ಟುಕೊಳ್ಳುತ್ತಾರೆ.

ಇದೇನು ನಮ್ಮ ಕಡೆಯದ್ದು ಮಾತ್ರ ಅಂದುಕೊಳ್ಳಬೇಡಿ. 1952ರ 'ಸಿಂಗಿಂಗ್ ಇನ್ ದ ರೇನ್' ಕತೆಯೇ ಡಬ್ಬಿಂಗ್ ಬಗ್ಗೆ. ಮೂಕಿ ಸಿನಿಮಾದ ಒಬ್ಬ ದೊಡ್ಡ ನಟಿ ಇರುತ್ತಾಳೆ, ದನಿ ಕರ್ಕಶ. ಮಾತಿನ ಸಿನಿಮಾ ಬಂದ ಕಾಲಕ್ಕೆ ಪರದೆ ಹಿಂದೆ ನಿಂತು ಒಬ್ಬ ಹೊಸ ಹುಡುಗಿ ಅವಳಿಗೆ ದನಿ ಕೊಡುತ್ತಾಳೆ. ಹೊಸ ಹುಡುಗಿ ಡೆಬ್ಬಿ ರೆನಾಲ್ಡ್ಸ್, ಕರ್ಕಶ ದನಿಯವಳು ಜೀನ್ ಹೇಗನ್. ಈಗ ಕೇಳಿ ತಮಾಷೆ. ರೆನಾಲ್ಡ್ಸ್ ಹೇಗನ್‌ಗೆ ಮಾತು ಡಬ್ ಮಾಡುವ ಆ ದೃಶ್ಯದಲ್ಲಿ ನಾವು ಕೇಳುವ ಚೆಂದದ ದನಿ ಹೇಗನ್ ಅವರದ್ದೇ, ನಿಜ ಜೀವನದಲ್ಲಿ ಆಕೆಯ ದನಿ ಸೊಗಸಾಗಿತ್ತು. ಅಂದರೆ ತನಗೆ ದನಿ ಕೊಡುತ್ತಿರುವವಳಿಗೆ ಆಕೆಯೇ ದನಿ ಕೊಟ್ಟಳು. ಇನ್ನು ಅವಳಿಗಾಗಿ ರೆನಾಲ್ಡ್ಸ್ ಹಾಡುವ ಹಾಡು? ಅದನ್ನು ಹಾಡಿದ್ದು ಬೆಟ್ಟಿ ನೋಯೆಸ್ ಅನ್ನೋ ಇನ್ನೊಬ್ಬ ಗಾಯಕಿ. ಪರದೆ ಹಿಂದೆ ಇರುವವರಿಗೆ ಹೆಸರು ಸಿಗಬೇಕು ಅಂತ ಕೂಗಿ ಹೇಳುವ ಸಿನಿಮಾದಲ್ಲೇ ನೋಯೆಸ್ ಹೆಸರು ಟೈಟಲ್ ಕಾರ್ಡಿನಲ್ಲಿ ಇರಲಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕೆ, ಆಮೇಲೆ ನಮ್ಮ ಅಕ್ಕನ ಹೆಸರು ನಮ್ಮ ಟೈಟಲ್ಲಿನಲ್ಲಿ ಇದೆಯಾ ಅಂತ ನೋಡಿದೆ. ಇತ್ತು. ಕೊನೆಗೆ, ಊಟ ಸಪ್ಲೈ ಮಾಡಿದವರ ಹೆಸರಿನ ಮೇಲೆ, ಓಡುವ ಅಕ್ಷರದಲ್ಲಿ.

ಹಾಡಿನ ವಿಷಯಕ್ಕೆ ಬಂದರೆ ನಾವು ಇದರಲ್ಲಿ ಯಾರಿಗೂ ಕಡಿಮೆ ಇಲ್ಲ. ರಾಜಕುಮಾರ್ ಅವರ ಪ್ರೇಮಕ್ಕೆ ಎಷ್ಟೋ ವರ್ಷ ಗಂಟಲು ಪಿ.ಬಿ. ಶ್ರೀನಿವಾಸ್ ಅವರದ್ದು. ಆ ಎರಡನ್ನೂ ಬೇರೆ ಮಾಡಿ ನೋಡಲು ನಮ್ಮ ತಂದೆಯ ಕಾಲದವರಿಗೆ ಆಗುವುದೇ ಇಲ್ಲ. ಆಮೇಲೆ 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ತಾವೇ ಹಾಡಿದರು, ಅಲ್ಲಿಂದ ಲೆಕ್ಕ ಬದಲಾಯಿತು. ದೊಡ್ಡ ನಾಯಕ ತನ್ನ ದನಿ ತಾನು ವಾಪಸ್ ಪಡೆದುಕೊಂಡ ಹಾಡು ನಾಯಕಿಗಾಗಿ ಹಾಡಿದ್ದಲ್ಲ, ಎಮ್ಮೆಗಾಗಿ ಹಾಡಿದ್ದು ಅನ್ನೋದು ನನಗೆ ಯಾವತ್ತೂ ಖುಷಿ ಕೊಡುವ ವಿಷಯ. ಫಣಿ ರಾಮಚಂದ್ರ ಅವರ 1990ರ 'ಗಣೇಶನ ಮದುವೆ' ನೋಡಿ. ಅನಂತ್ ನಾಗ್ ಪಾತ್ರ ಬೇರೆ ಹೆಸರಲ್ಲಿ ಹಾಡುವ ಹುಡುಗಿಯೊಬ್ಬಳ ದನಿಗೆ ಮನಸೋಲುತ್ತದೆ. ಅದೇ ಹುಡುಗಿ ಜೊತೆ ವಠಾರದಲ್ಲಿ ದಿನಾ ಜಗಳ. ದನಿಯನ್ನು ಪ್ರೀತಿಸು, ಮನುಷ್ಯರ ಜೊತೆ ಜಗಳ ಆಡು. ನಾವು ಪ್ರೇಕ್ಷಕರು ಹೀರೋಯಿನ್‌ಗಳ ಜೊತೆ ಮಾಡಿಕೊಂಡು ಬಂದಿರುವುದೂ ಹೆಚ್ಚು ಕಡಿಮೆ ಅದೇ.

ಮಳೆ ಬಗ್ಗೆ ಬರೆಯದಿದ್ದರೆ ಕನ್ನಡದ ಲವ್ ಸ್ಟೋರಿ ಬಗ್ಗೆ ಬರೆದ ಹಾಗಲ್ಲ. ಕ್ಯಾಮೆರಾಗೆ ನಿಜವಾದ ಮಳೆ ಸರಿಯಾಗಿ ಕಾಣುವುದಿಲ್ಲ. ಹನಿ ಸಣ್ಣದು, ಬೆಳಕು ಮಂಕು. ಹಿಂದಿನಿಂದ ಜೋರಾಗಿ ಲೈಟ್ ಬಿಟ್ಟರೆ ಮಾತ್ರ ಹನಿಗಳು ಗೆರೆ ಗೆರೆಯಾಗಿ ಹೊಳೆಯುತ್ತವೆ. ಹಾಗಾಗಿ ಟ್ಯಾಂಕರ್ ನೀರು, ಮೇಲೆ ಪೈಪು, ತೂತಿನ ಶವರ್. 'ಸಿಂಗಿಂಗ್ ಇನ್ ದ ರೇನ್'ನಲ್ಲಿ ಹೀರೋ ಜೀನ್ ಕೆಲ್ಲಿ ಮಳೆಯಲ್ಲಿ ಕುಣಿದ ಹಾಡಿಗೆ ನೀರಿನಲ್ಲಿ ಹಾಲು ಬೆರೆಸಿದ್ದರು ಅಂತ ಒಂದು ಕತೆ ಬಹಳ ವರ್ಷದಿಂದ ಓಡಾಡುತ್ತಿದೆ. ಸುಳ್ಳು. ಅಲ್ಲೂ ಕೆಲಸ ಮಾಡಿದ್ದು ಹಿಂದಿನ ಲೈಟು. ನಿಜವಾದ ವಿಷಯ ಏನಂದರೆ ಆ ಹಾಡಿನ ಶೂಟಿಂಗ್ ವೇಳೆ ಕೆಲ್ಲಿಗೆ 103 ಡಿಗ್ರಿ ಜ್ವರ.

ಇನ್ನೊಂದು ವಿಚಿತ್ರ ಇದೆ. ಮಳೆ ಸೀನ್ ಶೂಟ್ ಮಾಡುವಾಗ ನಿಜವಾಗಿ ಮಳೆ ಬಂದರೆ ಪ್ಯಾಕಪ್. ಲೈಟು, ಕೇಬಲ್ಲು, ಜನರೇಟರ್ ಎಲ್ಲ ನೆನೆಯುತ್ತವೆ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ನಾವು ಏಪ್ರಿಲ್ಲಿನ ಒಂದು ರಾತ್ರಿ ಬಸವನಗುಡಿಯ ಅಡ್ಡರಸ್ತೆಯಲ್ಲಿ ಟ್ಯಾಂಕರ್ ನಿಲ್ಲಿಸಿಕೊಂಡಿದ್ದಾಗ, ಮನೆಗೆ ನೀರು ಬರದೆ ಕಂಗಾಲಾಗಿದ್ದ ಜನ ಬಕೆಟ್ ಹಿಡಿದು ಬಂದರು. ಪ್ರೇಮಿಗಳ ಮೇಲೆ ಸುರಿಯುವ ನೀರು ನಮಗೆ ಕೊಡಿ ಅಂತ. ಪ್ರೊಡಕ್ಷನ್ ಮ್ಯಾನೇಜರ್ ಜಾಣ, ಜಗಳಕ್ಕೆ ಹೋಗಲಿಲ್ಲ, ಅರ್ಧ ಟ್ಯಾಂಕರ್ ಕೊಟ್ಟುಬಿಟ್ಟರು. ಹಾಗಾಗಿ ನಮ್ಮ ಸಿನಿಮಾದಲ್ಲಿ ಪ್ರೀತಿ ಹುಟ್ಟುವುದು ತುಂತುರು ಮಳೆಯಲ್ಲಿ. ಧಾರಾಕಾರ ಅಂತ ಸ್ಕ್ರಿಪ್ಟಿನಲ್ಲಿತ್ತು.

'ಮುಂಗಾರು ಮಳೆ' ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಮುಂಗಾರಿನ ಸಿನಿಮಾ, ಬಂದದ್ದು ಹೊಸ ವರ್ಷದ ಚಳಿಗೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ಕಳೆದರೂ ಇಳಿಯಲಿಲ್ಲ. ಯೋಗರಾಜ್ ಭಟ್ಟರ ಮಾತು, ಜಯಂತ ಕಾಯ್ಕಿಣಿ ಸಾಲುಗಳು, ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಜೋಗ, ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ನಾನು ಮೊಲದ ಪರ. ದೇವದಾಸ ಅನ್ನೋ ಆ ಮೊಲ ಇಲ್ಲದಿದ್ದರೆ ಗಣೇಶ್ ತನ್ನ ಹೊಟ್ಟೆಯೊಳಗಿನದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಹುಡುಗಿಗೆ ಹೇಳುವ ಹಾಗಿಲ್ಲ, ಅವಳ ಅಪ್ಪನಿಗಂತೂ ಸಾಧ್ಯವೇ ಇಲ್ಲ, ಒಬ್ಬನೇ ಮಾತಾಡಿದರೆ ನಾಟಕ ಆಗುತ್ತದೆ. ಮೊಲ ಉತ್ತರ ಕೊಡುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಅದಕ್ಕೇ ಆ ಪ್ರೀತಿ ಅಷ್ಟು ನಿಜ ಅನ್ನಿಸಿತು ಅಂತ ನನ್ನ ಅನಿಸಿಕೆ.

ಪ್ರಾಣಿ ಇಟ್ಟುಕೊಂಡು ಶೂಟ್ ಮಾಡುವುದು ಎಲ್ಲರ ಕೈಲಾಗುವ ಕೆಲಸ ಅಲ್ಲ. ಈಗಂತೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಇಲ್ಲದೆ ಒಂದು ನಾಯಿಮರಿ ಕೂಡ ಫ್ರೇಮಿಗೆ ತರುವ ಹಾಗಿಲ್ಲ, ಹಾಗೆ ಇರುವುದೇ ಸರಿ. ಹಳೇ ಕಾಲದಲ್ಲಿ ಹಾಲಿವುಡ್ಡಿನವರು ಚಿರತೆಯನ್ನೇ ತಂದಿದ್ದರು. 1938ರ 'ಬ್ರಿಂಗಿಂಗ್ ಅಪ್ ಬೇಬಿ'. ಬೇಬಿ ಅಂದರೆ ಆ ಚಿರತೆ, ನಿಜ ಹೆಸರು ನಿಸ್ಸಾ. ಕ್ಯಾಥರೀನ್ ಹೆಪ್‌ಬರ್ನ್‌ಗೆ ಭಯವೇ ಇಲ್ಲ, ಪಕ್ಕದಲ್ಲೇ ಓಡಾಡುತ್ತಿದ್ದರು. ಕ್ಯಾರಿ ಗ್ರಾಂಟ್‌ಗೆ ಮಾತ್ರ ಜೀವ ಬಾಯಿಗೆ. ಅವರ ಶಾಟ್‌ಗಳಲ್ಲಿ ಎಷ್ಟೋ ಕಡೆ ಡೂಪ್ ಹಾಕಿದರು, ಇಲ್ಲವೇ ನಟರನ್ನೊಮ್ಮೆ, ಚಿರತೆಯನ್ನೊಮ್ಮೆ ಬೇರೆ ಬೇರೆ ತೆಗೆದು ಒಂದೇ ಫ್ರೇಮಿನಲ್ಲಿ ಅಂಟಿಸಿದರು. ಗ್ರಾಂಟ್ ಡ್ರೆಸ್ಸಿಂಗ್ ರೂಮಿನಲ್ಲಿದ್ದಾಗ ಹೆಪ್‌ಬರ್ನ್ ಮೇಲಿನ ಕಿಂಡಿಯಿಂದ ಗೊಂಬೆ ಚಿರತೆಯನ್ನು ಒಳಗೆ ಬಿಟ್ಟರಂತೆ. ಪುಣ್ಯಾತ್ಮ ಓಡಿದ ವೇಗ ಯಾರೂ ಅಳತೆ ಮಾಡಿಲ್ಲ. ಆ ಸಿನಿಮಾ ಬಿಡುಗಡೆಯಾದಾಗ ಮಕಾಡೆ ಮಲಗಿತು, ದೊಡ್ಡ ಹೆಸರು ಬಂದದ್ದು ಎಷ್ಟೋ ವರ್ಷ ಆದಮೇಲೆ.

ಸೆನ್ಸಾರ್ ಕೂಡ ಒಬ್ಬ ಮೂರನೆಯವನೇ. 1959ರ 'ಪಿಲ್ಲೋ ಟಾಕ್'ನಲ್ಲಿ ಹೀರೋ, ಹೀರೋಯಿನ್ ಬೇರೆ ಬೇರೆ ಮನೆಯ ಬಾತ್‌ಟಬ್ಬಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಾರೆ. ಪರದೆಯನ್ನು ಎರಡು ಭಾಗ ಮಾಡಿ ಟಬ್ಬುಗಳನ್ನು ಎದುರು ಬದುರು ಇಟ್ಟು, ನಡುವಿನ ಗೆರೆಯ ಮೇಲೆ ಇಬ್ಬರ ಪಾದ ತಾಗಿಸಿದರು. ಒಂದೇ ಟಬ್ಬಿನಲ್ಲಿ ಕೂರಿಸಿದ್ದರೆ ಆ ಕಾಲದ ಅಮೆರಿಕದ ನಿಯಮಕ್ಕೆ ಕತ್ತರಿ ಗ್ಯಾರಂಟಿ. ನಮ್ಮಲ್ಲಿ ಎರಡು ಹೂವು ಮುಟ್ಟಿಸುತ್ತಿದ್ದರು, ಅವರಲ್ಲಿ ಪಾದ. ಅಡ್ಡಿ ಇದ್ದದ್ದಕ್ಕೇ ಇಷ್ಟು ಚೆಂದ ಬಂತು ಅಂತ ಕೆಲವರು ಹೇಳುತ್ತಾರೆ. ಸೆನ್ಸಾರ್ ಆಫೀಸಿನ ಹೊರಗೆ ಬೆಂಚ್ ಮೇಲೆ ಕಾದು ಕೂತವರು ಯಾರೂ ಹಾಗೆ ಹೇಳಲ್ಲ.

ಸಿನಿಮಾ ಟ್ರಿವಿಯಾದಲ್ಲಿ ಜನಕ್ಕೆ ತುಂಬ ಇಷ್ಟವಾಗುವ ಒಂದು ಜಾತಿ ಇದೆ. ಈ ನಗು ನಿಜವಾದದ್ದು, ಈ ಕಿರುಚಾಟ ನಿಜವಾದದ್ದು, ಸ್ಕ್ರಿಪ್ಟಿನಲ್ಲೇ ಇರಲಿಲ್ಲ ಅನ್ನೋ ತರಹದ್ದು. 1953ರ 'ರೋಮನ್ ಹಾಲಿಡೇ'ಯಲ್ಲಿ, ಸುಳ್ಳು ಹೇಳುವವರ ಕೈ ಕಚ್ಚುತ್ತದೆ ಅನ್ನೋ ಕಲ್ಲಿನ ಬಾಯಿಯೊಳಗೆ ಕೈ ಹಾಕುವ ಗ್ರೆಗರಿ ಪೆಕ್, ಕೈ ಹೊರಗೆ ತೆಗೆದಾಗ ಅಂಗೈಯನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡಿರುತ್ತಾರೆ. ಆಡ್ರೆ ಹೆಪ್‌ಬರ್ನ್‌ಗೆ ಮೊದಲೇ ಹೇಳಿರಲಿಲ್ಲ, ಕಿರುಚಿದ್ದು ನಿಜ. 1990ರ 'ಪ್ರೆಟ್ಟಿ ವುಮನ್'ನಲ್ಲಿ ರಿಚರ್ಡ್ ಗೇರ್ ನೆಕ್ಲೇಸಿನ ಪೆಟ್ಟಿಗೆಯನ್ನು ಟಪ್ ಅಂತ ಮುಚ್ಚಿದಾಗ ಜೂಲಿಯಾ ರಾಬರ್ಟ್ಸ್ ನಕ್ಕ ಆ ನಗುವೂ ನಿಜ. ನನಗೂ ಈ ಎರಡು ದೃಶ್ಯ ಇಷ್ಟ. ಆದರೆ ಇವನ್ನು ತಾನಾಗೇ ಆದ ಪವಾಡ ಅನ್ನೋ ಹಾಗೆ ಹೇಳಿದರೆ ಸ್ವಲ್ಪ ಸಿಟ್ಟು ಬರುತ್ತದೆ. ಯಾರೋ ಒಬ್ಬರು ಮೊದಲೇ ಯೋಚಿಸಿದ್ದರು. ಕ್ಯಾಮೆರಾದವರು ಫೋಕಸ್ ತಪ್ಪಲಿಲ್ಲ. ಎಡಿಟಿಂಗ್ ಟೇಬಲ್ಲಿನಲ್ಲಿ ಅದನ್ನು ಉಳಿಸಿಕೊಳ್ಳುವ ಬುದ್ಧಿ ಇನ್ಯಾರಿಗೋ ಬಂತು.

ಬರೆದವರನ್ನಂತೂ ಜನ ಪೂರ್ತಿ ಮರೆಯುತ್ತಾರೆ. 'ರೋಮನ್ ಹಾಲಿಡೇ' ಕತೆ ಡಾಲ್ಟನ್ ಟ್ರಂಬೋ ಅವರದ್ದು. ಕಮ್ಯುನಿಸ್ಟ್ ಅಂತ ಹಾಲಿವುಡ್ ಆಗ ಅವರನ್ನು ಕಪ್ಪುಪಟ್ಟಿಗೆ ಸೇರಿಸಿತ್ತು, ಹೆಸರು ಹಾಕುವ ಹಾಗಿರಲಿಲ್ಲ. ಸ್ನೇಹಿತ ಇಯಾನ್ ಮೆಕ್ಲೆಲನ್ ಹಂಟರ್ ತಮ್ಮ ಹೆಸರು ಕೊಟ್ಟರು. ಕತೆಗೆ ಆಸ್ಕರ್ ಬಂತು, ಹಂಟರ್ ಹೆಸರಿಗೆ. ಟ್ರಂಬೋ 1976ರಲ್ಲಿ ತೀರಿಕೊಂಡರು. ಆಸ್ಕರ್ ಕೊಡುವ ಅಕಾಡೆಮಿ ಅವರಿಗೆ ಆ ಪ್ರಶಸ್ತಿ ಸಲ್ಲಿಸಿದ್ದು 1993ರಲ್ಲಿ. ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಕ್ರೆಡಿಟ್ ವಾಪಸ್ ಕೊಟ್ಟದ್ದು 2011ರಲ್ಲಿ. ಅಷ್ಟು ಹಗುರಾದ, ಐಸ್‌ಕ್ರೀಂ ತಿಂದುಕೊಂಡು ಸ್ಕೂಟರ್ ಓಡಿಸುವ ಸಿನಿಮಾ ಹಿಂದೆ ಇಂಥ ಕತೆ ಇದೆ.

'ಸಮ್ ಲೈಕ್ ಇಟ್ ಹಾಟ್' ಕೊನೆಯ ಸಾಲಿನದ್ದೂ ಬರವಣಿಗೆಯ ಕತೆಯೇ. ತಾನು ಮದುವೆಯಾಗಲು ಹೊರಟವಳು ಹೆಣ್ಣಿನ ವೇಷದ ಗಂಡಸು ಅಂತ ಗೊತ್ತಾದ ಮೇಲೂ ಆ ಮುದುಕ ಶ್ರೀಮಂತ "ಎಲ್ಲರಲ್ಲೂ ಏನೋ ಒಂದು ಕೊರತೆ ಇರುತ್ತೆ ಬಿಡು" ಅನ್ನೋ ಅರ್ಥದ ಮಾತಾಡಿ ದೋಣಿ ಓಡಿಸುತ್ತಾನಲ್ಲ, ಅದನ್ನು ನಿರ್ದೇಶಕ ಬಿಲ್ಲಿ ವೈಲ್ಡರ್ ಮತ್ತು ಜೊತೆಗೆ ಬರೆದ ಡೈಮಂಡ್ ಸದ್ಯಕ್ಕೆ ಇರಲಿ ಅಂತ ಹಾಕಿದ್ದರು. ಆಮೇಲೆ ಇದಕ್ಕಿಂತ ಒಳ್ಳೇದು ಹೊಳೆದರೆ ಬದಲಾಯಿಸೋಣ ಅಂತ. ಹೊಳೆಯಲಿಲ್ಲ. ಗಾಂಧಿನಗರದಲ್ಲಿ ಸದ್ಯಕ್ಕೆ ಇರಲಿ ಅಂತ ಹಾಕಿದ ಸಾಲುಗಳೇ ಸಿನಿಮಾ ತುಂಬ ಇರುತ್ತವೆ, ಆದರೆ ಅವರು ವೈಲ್ಡರ್ ಅಲ್ಲ ಅನ್ನೋದೇ ತೊಂದರೆ.

ಕೊನೆಯದಾಗಿ ನಮ್ಮ ಮೂರನೆಯವರ ಬಗ್ಗೆ ಹೇಳಿಬಿಡುತ್ತೇನೆ. ಹೀರೋಯಿನ್ ಮನೆ ಅಂತ ನಾವು ತೋರಿಸಿದ್ದು ಮಲ್ಲೇಶ್ವರದ ಒಂದು ಹಳೇ ಮನೆ. ಕೆಂಪು ನೆಲ, ಜಗುಲಿ, ಹಿತ್ತಲಲ್ಲಿ ಸಂಪಿಗೆ ಮರ. ಮಾಲೀಕರು ಎಂಬತ್ತು ದಾಟಿದ ಒಬ್ಬ ಅಜ್ಜಿ. ಮಗ ಬಾಡಿಗೆ ಮಾತಾಡಿ ಹೊರದೇಶಕ್ಕೆ ವಾಪಸ್ ಹೋದ. ಅಜ್ಜಿ ಮಾತ್ರ ಒಳಗಿನ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ದಿನಾ ಇಡೀ ಶೂಟಿಂಗ್ ನೋಡುತ್ತಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು. ದೇವರ ಮನೆ ಕಡೆ ಚಪ್ಪಲಿ ಹೋಗಬಾರದು. ಹೀರೋ ಊಟದ ತಟ್ಟೆ ಎತ್ತಿಡಬೇಕು. ಇಂಥ ನಿಯಮಗಳು. ಪ್ರೊಡಕ್ಷನ್ ಹುಡುಗರು ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು ಪಕ್ಕಕ್ಕಿಟ್ಟು, ಮಾರನೇ ದಿನದಿಂದ ಅವರೇ ಡಿಕಾಕ್ಷನ್ ಇಳಿಸಿದರು.

ಎರಡು ಮೂರು ದಿನ ಆದಮೇಲೆ ಅಜ್ಜಿ ನನ್ನ ಕರೆದು ಕೇಳಿದರು. "ಏನಪ್ಪಾ, ಈ ಹುಡುಗಿಗೆ ಈ ಹುಡುಗನ್ನೇ ಮಾಡಬೇಕು ಅಂತಿದೀರಾ?"

"ಹೌದಜ್ಜಿ, ಕತೆ ಹಾಗಿದೆ."

"ಅವನು ಕನ್ನಡಿ ಜಾಸ್ತಿ ನೋಡ್ಕೋತಾನೆ. ಅಗೋ, ಆ ಲೈಟ್ ಹಿಡ್ಕೊಂಡಿರೋ ಹುಡುಗ ವಾಸಿ. ಅವಳಿಗೆ ಬಿಸಿಲು ಬಿದ್ರೆ ಇವನೇ ಅಡ್ಡ ಬಂದು ನಿಲ್ತಾನೆ."

ಬೆಳಕು ಸರಿಮಾಡಲು ಥರ್ಮಾಕೋಲ್ ಹಿಡಿಯುವುದು ಅವನ ಕೆಲಸ ಅಂತ ಹೇಳಿದೆ. "ಕೆಲಸ ಆದ್ರೇನು" ಅಂದರು.

ಹಜಾರದ ಗೋಡೆಯಲ್ಲಿ ಲೋಲಕದ ದೊಡ್ಡ ಗಡಿಯಾರ ಒಂದಿತ್ತು. ಅಜ್ಜಿಯ ಮದುವೆಗೆ ಬಂದದ್ದು. ಒಂದು ಸೀನನ್ನು ಬೆಳಗಿಂದ ಸಂಜೆವರೆಗೆ ತೆಗೆಯುತ್ತೇವೆ, ಪರದೆ ಮೇಲೆ ಅದು ಮೂರ್ನಾಲ್ಕು ನಿಮಿಷ. ಮುಳ್ಳು ಓಡಿದರೆ ಒಂದು ಶಾಟ್‌ನಲ್ಲಿ ಹತ್ತು ಗಂಟೆ, ಮುಂದಿನದರಲ್ಲಿ ಐದು ಗಂಟೆ. ಕಂಟಿನ್ಯೂಟಿ ಹೋಯಿತು. ಅದಕ್ಕೇ ಯಾವ ಸೆಟ್‌ಗೆ ಹೋದರೂ ಮೊದಲು ಗಡಿಯಾರ ನಿಲ್ಲಿಸುತ್ತಾರೆ. ಅಜ್ಜಿ ಒಪ್ಪಲಿಲ್ಲ. ಯಜಮಾನರು ಹೋದ ದಿನವೂ ಅದಕ್ಕೆ ಕೀ ಕೊಟ್ಟಿದ್ದೆ, ನಿಮ್ಮ ಸಿನಿಮಾಕ್ಕೋಸ್ಕರ ನಿಲ್ಲಿಸಲ್ಲ ಅಂದರು. ಡೈರೆಕ್ಟರ್ ಹೋಗಿ ಕೇಳಿದರೂ ಅದೇ ಉತ್ತರ. ಕೊನೆಗೆ ಪ್ರತಿ ಶಾಟ್‌ಗೆ ಮೊದಲು ನಾನು ಸ್ಟೂಲ್ ಹತ್ತಿ ಮುಳ್ಳನ್ನು ಏಳು ಇಪ್ಪತ್ತಕ್ಕೆ ತಿರುಗಿಸುವುದು, ಶಾಟ್ ಮುಗಿದ ಮೇಲೆ ಅಜ್ಜಿ ತಮ್ಮ ಕೈಗಡಿಯಾರ ನೋಡಿ ಹೇಳಿದ ಟೈಮಿಗೆ ವಾಪಸ್ ತರುವುದು ಅಂತ ತೀರ್ಮಾನವಾಯಿತು. ಟಿಕ್ ಟಿಕ್ ಶಬ್ದದ ಚಿಂತೆ ಇರಲಿಲ್ಲ, ಹೇಗಿದ್ದರೂ ಡಬ್ಬಿಂಗ್ ಅಲ್ವಾ.

ಸಿನಿಮಾ ಬಿಡುಗಡೆಯಾದಾಗ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮಧ್ಯಾಹ್ನದ ಆಟ, ಜನ ಅಷ್ಟಕ್ಕಷ್ಟೇ. ಪ್ರೀತಿ ಹೇಳಿಕೊಳ್ಳುವ ಸೀನ್ ಬಂತು, ಹೀರೋಯಿನ್ ಕಣ್ಣು ತುಂಬಿತು, ಡಬ್ಬಿಂಗ್ ಅಕ್ಕನ ದನಿ ಒಡೆಯಿತು, ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಒರೆಸಿಕೊಂಡಳು. ಅಜ್ಜಿ ನನ್ನ ಮೊಣಕೈ ಹಿಡಿದು ಪರದೆಯ ಎಡಗಡೆ ಬೆರಳು ತೋರಿಸಿದರು.

"ನೋಡು, ನಮ್ಮನೆ ಗಡಿಯಾರ ಎಷ್ಟು ಚೆನ್ನಾಗಿ ಬಂದಿದೆ. ಇವಳು ಸ್ವಲ್ಪ ಪಕ್ಕಕ್ಕೆ ನಿಂತ್ಕೊಂಡಿದ್ರೆ ಪೂರ್ತಿ ಕಾಣಿಸೋದು."